ನಿರುಪಮನಾದ ದೇವರು, ಉಪಮೆಯ ಮಾತು

ದೇವರಿಗೆ ಸದೃಶವಾದುದು ಯಾವುದೂ ಇಲ್ಲವೆಂದು ಸಾರುವ ಕುರ್‌ಆನಿನಲ್ಲಿಯೇ ದೇವರ ಕೈ, ದೇವರ ಮುಖ, ದೇವರ ಕಣ್ಣು ಎಂಬ ಮಾತುಗಳೂ ಬರುತ್ತವೆ. ಆದಮನನ್ನು ತನ್ನ ಎರಡು ಕೈಗಳಿಂದ ನಿರ್ಮಿಸಿದುದಾಗಿ ಅಲ್ಲಿ ದೇವರು ಹೇಳುತ್ತಾನೆ. ಅವನು ಸಿಂಹಾಸನದ ಮೇಲೆ ನೆಲೆಗೊಂಡನೆಂಬ ಅಭಿಪ್ರಾಯದ ವಾಕ್ಯ ಆ ಗ್ರಂಥದ ಏಳು ಕಡೆಗಳಲ್ಲಿ ಕಾಣಿಸುತ್ತದೆ. ಪ್ರವಾದಿ ಮುಹಮ್ಮದರ ನುಡಿನಡೆಗಳನ್ನು ಸಂಗ್ರಹಿಸಿದ ಹದೀಸ್ ಗ್ರಂಥಗಳಿಗೆ ಬಂದರೆ ಈ ಬಗೆಯ ಉಕ್ತಿಗಳು ಮತ್ತಷ್ಟು ಹೆಚ್ಚುತ್ತವೆ: ಇರುಳಿನ ಕಡೆಯ ಮೂರನೆಯ ಪಾಲಿನಲ್ಲಿ ದೇವರು ಎಲ್ಲಕ್ಕಿಂತ ಕೆಳಗಿನ ಆಕಾಶಕ್ಕೆ ಇಳಿದು, ಬೇಡುವವರು ಯಾರಿದ್ದಾರೆಂದು ವಿಚಾರಿಸುತ್ತಾನೆ, ಮನುಷ್ಯರ ಹೃದಯಗಳು ಅವನ ಎರಡು ಬೆರಳುಗಳ ನಡುವೆ ಇವೆ. ದೇವರಿಗೆ ಪ್ರತಿಮೆಯನ್ನು ಕಡೆಯಲೊಪ್ಪದ, ಚಿತ್ರವನ್ನು ಬರೆಯಲೊಪ್ಪದ ಒಂದು ಧರ್ಮವು ತನ್ನ ಶಾಸ್ತ್ರವಾಕ್ಯಗಳೇ ಮನಸ್ಸಿನೊಳಗೆ ಬರೆದುಬಿಡಬಹುದಾದ ಈ ಚಿತ್ರವನ್ನು ಏನು ಮಾಡಬೇಕೆಂಬ ಪ್ರಶ್ನೆಯು ಎಂಟನೆಯ ಶತಮಾನದಿಂದ ಮೊದಲ್ಗೊಂಡು ಹದಿನಾಲ್ಕನೆಯ ಶತಮಾನದ ಪರ್ಯಂತ ಬಸ್ರಾ, ಬಾಗ್ದಾದ್, ನಿಶಾಪುರ, ಘಜ್ನಿ, ದಮಸ್ಕಸ್ ನಗರಗಳ ಪಂಡಿತರನ್ನು ಕಾಡಿತು; ಒಮ್ಮೊಮ್ಮೆ ಬೀದಿಯ ಜನರನ್ನೂ ಕೆರಳಿಸಿತು. ಹೊರಗೆ ನಿಂತು ನೋಡುವವರಿಗೆ ಇದು ಅಕ್ಷರಾರ್ಥವನ್ನು ಹಿಡಿದವರಿಗೂ ಬುದ್ಧಿಯನ್ನು ನೆಚ್ಚಿದವರಿಗೂ ನಡೆದ ಸರಳವಾದ ಕಲಹವೆಂದು ತೋರಬಹುದು. ಆದರೆ ಚರಿತ್ರೆಯನ್ನು ಒಳಹೊಕ್ಕು ನೋಡಿದಲ್ಲಿ, ಒಂದಲ್ಲ ಒಂದು ವಾಕ್ಯಕ್ಕೆ ಅರ್ಥಾಂತರವನ್ನು ಕಲ್ಪಿಸದೆ ಉಳಿದ ಪಕ್ಷವು ಬಹಳ ವಿರಳವೆಂದೂ, ಎಲ್ಲಿ ನಿಲ್ಲಬೇಕು ಮತ್ತು ಯಾರ ಮುಂದೆ ನಿಲ್ಲಬೇಕು ಎಂಬಲ್ಲಿಯೇ ಅವರಿಗೆ ಭೇದವಿದ್ದಿತೆಂದೂ ಗೊತ್ತಾಗುತ್ತದೆ.

ನಿಲುಗಡೆಯ ಈ ಪ್ರಶ್ನೆಗೆ ಮೂಲಗ್ರಂಥದಲ್ಲಿಯೇ ಒಂದು ಆಧಾರವುಂಟು. ಕುರ್‌ಆನಿನ ಮೂರನೆಯ ಅಧ್ಯಾಯದ ಏಳನೆಯ ವಾಕ್ಯವು ಆ ಗ್ರಂಥದ ವಚನಗಳನ್ನು ಸ್ಪಷ್ಟಾರ್ಥವುಳ್ಳವು, ಸಂದಿಗ್ಧಾರ್ಥವುಳ್ಳವು ಎಂದು ಎರಡು ಬಗೆಯಾಗಿ ವಿಂಗಡಿಸಿ, ಎರಡನೆಯವುಗಳ ಬೆನ್ನು ಹತ್ತುವವರ ಮನಸ್ಸಿನಲ್ಲಿ ವಕ್ರತೆಯಿದೆಯೆಂದು ಎಚ್ಚರಿಸಿ, ಅವುಗಳ ನಿಜಾರ್ಥವನ್ನು ಬಲ್ಲವನು ದೇವರೊಬ್ಬನೇ ಎನ್ನುತ್ತದೆ. ಅದರ ಬೆನ್ನಿಗೇ ಜ್ಞಾನದಲ್ಲಿ ದೃಢರಾದವರ ಮಾತು ಬರುತ್ತದೆ. ಪಾರಾಯಣ ಮಾಡುವವನು ದೇವರೆಂಬ ಪದದಲ್ಲಿ ಉಸಿರು ನಿಲ್ಲಿಸಿದರೆ ಆ ಅರ್ಥವು ಮನುಷ್ಯರಿಗೆ ಅಗಮ್ಯವಾಗುತ್ತದೆ. ನಿಲ್ಲಿಸದೆ ಮುಂದುವರಿದರೆ ಜ್ಞಾನದಲ್ಲಿ ದೃಢರಾದವರೂ ಅದನ್ನು ಬಲ್ಲವರಾಗುತ್ತಾರೆ. ಎರಡು ರೀತಿಯ ಪಠನಕ್ಕೂ ಪ್ರಾಚೀನರ ಸಮ್ಮತಿಯಿದ್ದುದರಿಂದ, ಅರ್ಥವನ್ನು ದೇವರಿಗೇ ಬಿಟ್ಟುಕೊಡುವ ‘ತಫ್‌ವೀಜ್’ ಎಂಬ ಮಾರ್ಗವೂ, ಯುಕ್ತವಾದ ಅರ್ಥಾಂತರವನ್ನು ಹುಡುಕುವ ‘ತಾವೀಲ್’ ಎಂಬ ಮಾರ್ಗವೂ ಒಂದೇ ವಾಕ್ಯವನ್ನು ತಮ್ಮ ತಮ್ಮ ಪ್ರಮಾಣವಾಗಿ ಮುಂದಿಡಲು ಸಾಧ್ಯವಾಯಿತು.

ವಿವಾದದ ಆರಂಭವನ್ನು ಅರಸುವವರು ಎಂಟನೆಯ ಶತಮಾನದ ಪೂರ್ವ ಪರ್ಷಿಯಾದ ಎರಡು ಹೆಸರುಗಳ ಬಳಿಗೆ ಬರುತ್ತಾರೆ. ಒಬ್ಬರು ಜಹ್ಮ್ ಇಬ್ನ್ ಸಫ್ವಾನ್. ಸೃಷ್ಟಿಯ ವಸ್ತುಗಳಿಗೆ ಸಲ್ಲುವ ಯಾವ ವಿಶೇಷಣವೂ ದೇವರಿಗೆ ಸಲ್ಲದೆಂದು ಬೋಧಿಸಿದ ಇವರು ಒಂದು ರಾಜಕೀಯ ಬಂಡಾಯದಲ್ಲಿ ಸೇರಿ 746ರಲ್ಲಿ ವಧೆಗೊಳಗಾದರು. ಇನ್ನೊಬ್ಬರು ಬಲ್ಖ್ ನಗರದ ಮುಕಾತಿಲ್ ಇಬ್ನ್ ಸುಲೈಮಾನ್. 767ರಲ್ಲಿ ತೀರಿಕೊಂಡ ಈ ವ್ಯಾಖ್ಯಾನಕಾರರು ದೇವರಿಗೆ ಮನುಷ್ಯಾಕಾರವನ್ನೇ ಆರೋಪಿಸಿದರೆಂದು ಪ್ರತಿಪಕ್ಷದವರು ದೂರಿದರು, ಆದರೆ ಇಂದು ಉಳಿದಿರುವ ಅವರ ಕುರ್‌ಆನ್ ವ್ಯಾಖ್ಯಾನದಲ್ಲಿ ಆ ದೋಷ ದೂರಿನಷ್ಟು ಪ್ರಬಲವಾಗಿ ಕಾಣದು. ಪೂರ್ವ ದೇಶದಿಂದ ಎರಡು ಕೆಟ್ಟ ಮತಗಳು ಬಂದಿವೆ, ಒಂದು ದೇವರನ್ನು ಶೂನ್ಯವಾಗಿಸುತ್ತದೆ, ಮತ್ತೊಂದು ಅವನನ್ನು ಸೃಷ್ಟಿಗೆ ಹೋಲಿಸುತ್ತದೆ ಎಂಬ ಅಭಿಪ್ರಾಯದ ಮಾತೊಂದು ಇಮಾಮ್ ಅಬೂ ಹನೀಫರ ಹೆಸರಿನಲ್ಲಿ ಪ್ರಚಲಿತವಾಗಿದೆ. ಮುಂದಿನ ಆರು ಶತಮಾನಗಳ ವಾದವೆಲ್ಲ ಈ ಎರಡು ಬೈಗುಳಗಳ ನಡುವಣ ಇಕ್ಕಟ್ಟಾದ ಹಾದಿಯಲ್ಲಿಯೇ ನಡೆಯಿತು: ಹೋಲಿಕೆಯನ್ನು ನಿರಾಕರಿಸಿದವನು ಶೂನ್ಯವಾದಿಯೆನಿಸಿಕೊಳ್ಳುತ್ತಿದ್ದನು, ವಚನವನ್ನು ಕಾಪಾಡಿದವನು ದೇಹವಾದಿಯೆನಿಸಿಕೊಳ್ಳುತ್ತಿದ್ದನು. ಮದೀನೆಯ ಇಮಾಮ್ ಮಾಲಿಕರು (ಮರಣ 795) ಸಿಂಹಾಸನದ ವಾಕ್ಯವನ್ನು ಕುರಿತು ಒಬ್ಬನು ‘ಹೇಗೆ?’ ಎಂದು ಕೇಳಿದಾಗ ತಲೆ ತಗ್ಗಿಸಿ ಮೈಯೆಲ್ಲ ಬೆವರಿ, ನೆಲೆಗೊಂಡುದು ತಿಳಿದ ವಿಷಯ, ಅದರ ರೀತಿ ಬುದ್ಧಿಗೆ ನಿಲುಕದು, ನಂಬುವುದು ಕರ್ತವ್ಯ, ಕೇಳುವುದು ಹೊಸ ಕೆಡುಕು ಎಂಬರ್ಥದ ಉತ್ತರವನ್ನು ಕೊಟ್ಟರೆಂದು ಹೇಳುತ್ತಾರೆ. ಮುಂದೆ ಪರಸ್ಪರ ವಿರುದ್ಧವಾದ ಪಕ್ಷಗಳೆಲ್ಲವೂ ಈ ಒಂದೇ ಉತ್ತರವನ್ನು ತಮ್ಮ ಕಡೆಗೆ ಎಳೆದುಕೊಂಡವು.

ಬಸ್ರಾದಲ್ಲಿ ಹುಟ್ಟಿ ಬಾಗ್ದಾದಿನಲ್ಲಿ ಬೆಳೆದ ಮುತಜಿಲಾ ಪಂಥದವರು ಕೇಳುವುದನ್ನೇ ಕರ್ತವ್ಯವೆಂದು ತಿಳಿದವರು. ಅವರ ತರ್ಕವು ಸರಳವಾದುದು, ಕಠಿನವೂ ಆದುದು. ಅವಯವವುಳ್ಳದ್ದು ಭಾಗಗಳಿಂದ ಕೂಡಿದ್ದು. ಕೂಡಿದ್ದನ್ನು ಕೂಡಿಸಿದವನೊಬ್ಬನು ಇರಲೇಬೇಕು. ಸ್ಥಳವೊಂದರಲ್ಲಿ ಇರುವುದು ಆ ಸ್ಥಳದಿಂದ ಮಿತವಾದದ್ದು. ಆದ್ದರಿಂದ ಅನಾದಿಯೂ ಅಮಿತನೂ ಆದ ದೇವರಿಗೆ ಕೈಯಾಗಲಿ ಆಸನವಾಗಲಿ ವಾಚ್ಯಾರ್ಥದಲ್ಲಿ ಹೊಂದಲಾರದು. ವಾಚ್ಯಾರ್ಥವು ಬಾಧಿತವಾದಾಗ ಲಕ್ಷ್ಯಾರ್ಥವನ್ನು ಗ್ರಹಿಸಬೇಕೆಂಬ ನಿಯಮವು ನಮ್ಮ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಪರಿಚಿತವಾದುದೇ. ಗಂಗೆಯಲ್ಲಿ ಗೊಲ್ಲರ ಹಳ್ಳಿಯಿದೆಯೆಂದರೆ ನೀರಿನೊಳಗೆ ಮನೆಗಳಿವೆಯೆಂದು ಯಾರೂ ತಿಳಿಯುವುದಿಲ್ಲವಷ್ಟೆ. ಅರಬ್ಬೀ ಭಾಷೆಯ ಕಾವ್ಯವನ್ನೂ ಲೋಕೋಕ್ತಿಗಳನ್ನೂ ಜಾಲಿಸಿ ನೋಡಿದ ಈ ಪಂಡಿತರು ‘ಕೈ’ ಎಂದರೆ ಶಕ್ತಿ ಅಥವಾ ಅನುಗ್ರಹವೆಂದೂ, ‘ಮುಖ’ ಎಂದರೆ ಸ್ವರೂಪವೆಂದೂ, ‘ಕಣ್ಣು’ ಎಂದರೆ ರಕ್ಷಣೆಯೆಂದೂ, ಸಿಂಹಾಸನದ ಮೇಲೆ ನೆಲೆಗೊಳ್ಳುವುದೆಂದರೆ ಆಧಿಪತ್ಯವನ್ನು ಹೊಂದುವುದೆಂದೂ ನಿರ್ಣಯಿಸಿದರು. ಕೊನೆಯ ಅರ್ಥಕ್ಕೆ, ಬಿಶ್ರ್ ಎಂಬಾತನು ಕತ್ತಿಯಿಲ್ಲದೆ ರಕ್ತವಿಲ್ಲದೆ ಇರಾಕನ್ನು ವಶಮಾಡಿಕೊಂಡುದನ್ನು ಹೇಳುವ ಹಳೆಯ ಪದ್ಯವೊಂದು ಅವರಿಗೆ ಆಧಾರವಾಯಿತು. ಆದರೆ ಭಾಷೆಯ ಆಯುಧವನ್ನು ಹಿಡಿದವರಿಗೆ ಭಾಷೆಯಿಂದಲೇ ಪ್ರತ್ಯುತ್ತರವೂ ಬಂದಿತು: ಹಿಂದೆ ತನ್ನದಾಗಿರದಿದ್ದುದನ್ನು ಪ್ರತಿಸ್ಪರ್ಧಿಯಿಂದ ಗೆದ್ದುಕೊಂಡಾಗ ಮಾತ್ರ ವಶಮಾಡಿಕೊಂಡನೆನ್ನುವುದು ರೂಢಿ, ದೇವರಿಗೆ ಅಂಥ ಪ್ರತಿಸ್ಪರ್ಧಿ ಯಾರಿದ್ದನು ಎಂದು ನಿಘಂಟುಕಾರ ಇಬ್ನುಲ್ ಅರಾಬೀ (ಮರಣ 846) ಆಕ್ಷೇಪಿಸಿದರೆಂಬ ವರದಿಯುಂಟು. ಅರ್ಥಾಂತರದಿಂದ ಒಂದು ದೋಷವನ್ನು ಕಳೆಯಹೋಗಿ ಮತ್ತೊಂದನ್ನು ತಂದುಕೊಳ್ಳುವ ಅಪಾಯವಿದೆಯೆಂಬುದು ಅಂದಿನಿಂದ ಎಲ್ಲರ ಗಮನದಲ್ಲಿಯೂ ಇದ್ದಿತು.

833ರಲ್ಲಿ ಖಲೀಫ ಮಾಮೂನನು ಕುರ್‌ಆನ್ ಸೃಷ್ಟವಾದುದೆಂಬ ಮತವನ್ನು ವಿದ್ವಾಂಸರ ಮೇಲೆ ಹೇರಿದುದೂ, ಅದನ್ನೊಪ್ಪದ ಅಹ್ಮದ್ ಇಬ್ನ್ ಹಂಬಲರು (780–855) ಮುಂದಿನ ಖಲೀಫನ ಆಳಿಕೆಯಲ್ಲಿ ಛಡಿಯೇಟು ತಿಂದುದೂ ಪ್ರಸಿದ್ಧವಾದ ಕಥೆ. ಅಲ್ಲಿನ ವಿವಾದವಸ್ತು ದೇವರ ವಾಕ್ಕಾಗಿದ್ದರೂ ಅದರ ಪರಿಣಾಮವು ನಮ್ಮ ವಿಷಯಕ್ಕೂ ತಟ್ಟಿತು: ರಾಜದಂಡದ ಬಲದಿಂದ ಬಂದ ಬುದ್ಧಿವಾದವು ಜನರ ದೃಷ್ಟಿಯಲ್ಲಿ ದರ್ಪವೆನಿಸಿತು, ವಚನವನ್ನು ಇದ್ದಂತೆ ಕಾಪಾಡುವುದು ಧೈರ್ಯದ ಲಕ್ಷಣವಾಯಿತು. ಹಂಬಲೀ ಪಂಥದ ಪ್ರಭಾವ ಬಾಗ್ದಾದಿನ ಬೀದಿಗಳಲ್ಲಿ ಎಷ್ಟು ಬೆಳೆಯಿತೆಂದರೆ, ಪ್ರವಾದಿಯನ್ನು ದೇವರು ತನ್ನ ಸಿಂಹಾಸನದ ಮೇಲೆ ಕುಳ್ಳಿರಿಸಿಕೊಳ್ಳುವನೆಂಬ ಒಂದು ವ್ಯಾಖ್ಯಾನವನ್ನು ಚರಿತ್ರಕಾರ ತಬರಿಯವರು (839–923) ಒಪ್ಪಲಿಲ್ಲವೆಂಬ ಕಾರಣಕ್ಕೆ ಜನ ಅವರ ಮನೆಯ ಮೇಲೆ ಕಲ್ಲು ತೂರಿ ಬಾಗಿಲಲ್ಲಿ ರಾಶಿ ಹಾಕಿದರೆಂದು ಬರೆದಿದ್ದಾರೆ. ಅದೇ ವ್ಯಾಖ್ಯಾನದ ವಿಷಯವಾಗಿ 929ರಲ್ಲಿ ನಗರದಲ್ಲಿ ದೊಂಬಿಯಾಯಿತು. 935ರಲ್ಲಿ ಖಲೀಫ ರಾಜಿಯು ದೇವರಿಗೆ ಅಂಗೈ, ಬೆರಳು, ಪಾದಗಳನ್ನು ಹೇಳುವವರೆಂದು ಹಂಬಲಿಗಳನ್ನು ಆಕ್ಷೇಪಿಸಿ ಆಜ್ಞಾಪತ್ರವನ್ನು ಹೊರಡಿಸಬೇಕಾಯಿತು. ಇದನ್ನು ಕೇವಲ ಮೌಢ್ಯವೆಂದು ತಳ್ಳಿಬಿಡುವುದು ನ್ಯಾಯವಾಗದು. ಇರುಳಿನ ಕೊನೆಯಲ್ಲಿ ಎದ್ದು ಪ್ರಾರ್ಥಿಸುವ ಬಡವನಿಗೆ ದೇವರು ಹತ್ತಿರಕ್ಕೆ ಇಳಿದುಬರುವನೆಂಬ ಮಾತಿನಲ್ಲಿ ಇದ್ದ ಆಶ್ವಾಸನವು, ಇಳಿಯುವುದು ದೇವರ ಆಜ್ಞೆಯೇ ಹೊರತು ದೇವರಲ್ಲವೆಂಬ ಪರಿಷ್ಕಾರದಲ್ಲಿ ಉಳಿಯುವುದೇ ಎಂಬ ಭಯ ಆ ಕೋಪದ ಒಳಗಿದ್ದಿರಬೇಕು.

ಈ ಎರಡು ಪಕ್ಷಗಳ ನಡುವೆ ನಿಂತವರು ಅಬುಲ್ ಹಸನ್ ಅಶ್‌ಅರೀ. ಬಸ್ರಾದಲ್ಲಿ ಮುತಜಿಲಾ ಗುರು ಜುಬ್ಬಾಯಿಯವರ ಶಿಷ್ಯರಾಗಿದ್ದು, ಸುಮಾರು ನಲವತ್ತರ ವಯಸ್ಸಿನಲ್ಲಿ ಆ ಪಂಥವನ್ನು ಬಹಿರಂಗವಾಗಿ ತ್ಯಜಿಸಿದ ಇವರು ಕಲಿತ ತರ್ಕವನ್ನೇ ಅದರ ಮೇಲೆ ತಿರುಗಿಸಿದರು. ಆದಮನನ್ನು ಎರಡು ಕೈಗಳಿಂದ ನಿರ್ಮಿಸಿದೆನೆಂಬಲ್ಲಿ ಕೈಯೆಂದರೆ ಶಕ್ತಿಯಾದರೆ ದೇವರಿಗೆ ಎರಡು ಶಕ್ತಿಗಳಿರುವುವೇ? ಶಕ್ತಿಯಿಂದ ಸೃಷ್ಟಿಯಾದುದು ಆದಮನೊಬ್ಬನೇ ಅಲ್ಲ, ಅವನಿಗೆ ನಮಿಸಲೊಲ್ಲದ ಇಬ್ಲೀಸನೂ ಹಾಗೆಯೇ ಸೃಷ್ಟನಾದವನು. ಹಾಗಿದ್ದರೆ ಆದಮನ ಹೆಚ್ಚಳವೇನಾಯಿತು? ಆದ್ದರಿಂದ ದೇವರಿಗೆ ಕೈಗಳುಂಟು, ಆದರೆ ಅವು ಅವಯವಗಳಲ್ಲ, ಅವು ಹೇಗೆಂದು ಕೇಳತಕ್ಕದ್ದಲ್ಲ ಎಂಬುದು ಅವರ ಸಿದ್ಧಾಂತ. ‘ಬಿಲಾ ಕೈಫ್’, ಎಂದರೆ ‘ಹೇಗೆಂಬುದಿಲ್ಲದೆ’ ಎಂಬ ಈ ಸೂತ್ರವನ್ನು ಅವರ ವಿರೋಧಿಗಳು ನುಣುಚಿಕೊಳ್ಳುವ ಉಪಾಯವೆಂದು ಹಳಿದರು. ವಿಚಿತ್ರವೇನೆಂದರೆ, ಅಶ್‌ಅರಿಯವರ ಅನುಯಾಯಿಗಳೇ ಒಂದು ಶತಮಾನ ಕಳೆಯುವುದರೊಳಗೆ ಗುರುವು ಖಂಡಿಸಿದ ಅರ್ಥಾಂತರದ ದಾರಿಯನ್ನು ಹಿಡಿದರು.

ಅದಕ್ಕೆ ಕಾರಣ ಖುರಾಸಾನದಲ್ಲಿ ಅವರಿಗೆ ಎದುರಾದ ಕರ್ರಾಮೀ ಪಂಥ. 869ರಲ್ಲಿ ಜೆರೂಸಲೇಮಿನಲ್ಲಿ ತೀರಿಕೊಂಡ ಇಬ್ನ್ ಕರ್ರಾಮರ ಅನುಯಾಯಿಗಳಾದ ಈ ವಿರಕ್ತರು ನಿಶಾಪುರದ ಬಡಜನರಲ್ಲಿಯೂ ಘೂರದ ಬೆಟ್ಟಗಾಡಿನಲ್ಲಿಯೂ ಬೇರೂರಿ, ದೇವರು ‘ದೇಹ’ ಎಂದು ಬಾಯಿಬಿಟ್ಟು ಹೇಳಿದರು. ದೇಹವೆಂದರೆ ಸ್ವತಃ ನೆಲೆಯುಳ್ಳದ್ದೆಂದಷ್ಟೇ ತಮ್ಮ ಅಭಿಪ್ರಾಯವೆಂದು ಅವರು ಸಮಜಾಯಿಷಿ ಕೊಟ್ಟರೂ ಪ್ರತಿವಾದಿಗಳು ನಂಬಲಿಲ್ಲ. ಘಜ್ನಿಯ ಮಹಮೂದನ ಆಶ್ರಯ ಅವರಿಗೆ ದೊರೆಯಿತು. ಅವನ ಆಸ್ಥಾನದಲ್ಲಿ ಅವರೊಡನೆ ವಾದಿಸಿದ ಅಶ್‌ಅರೀ ಪಂಡಿತ ಇಬ್ನ್ ಫೂರಕರು 1015ರಲ್ಲಿ ಅಲ್ಲಿಂದ ಹಿಂದಿರುಗುವ ದಾರಿಯಲ್ಲಿ ಮೃತರಾದರು, ವಿಷಪ್ರಾಶನವಾಯಿತೆಂಬ ವದಂತಿಯುಂಟು. ಇಂಥ ಪ್ರತಿಸ್ಪರ್ಧಿಗಳ ನಡುವೆ ‘ಹೇಗೆಂದು ಕೇಳಬೇಡ’ ಎಂಬ ಉತ್ತರವು ಸಾಲದೆಂದು ಕಂಡದ್ದರಿಂದ, ಇಬ್ನ್ ಫೂರಕರು ಹದೀಸಿನ ಕ್ಲಿಷ್ಟೋಕ್ತಿಗಳನ್ನು ಒಂದೊಂದಾಗಿ ತೆಗೆದುಕೊಂಡು ಅರ್ಥಾಂತರದಿಂದ ಬಿಡಿಸುವ ಗ್ರಂಥವನ್ನೇ ರಚಿಸಿದರು. ನಿಶಾಪುರದ ಜುವೈನಿಯವರು (1028–1085) ತಮ್ಮ ಒಂದು ಗ್ರಂಥದಲ್ಲಿ ಕೈಯೆಂದರೆ ಶಕ್ತಿಯೆಂದೇ ಪ್ರತಿಪಾದಿಸಿ, ಮಂತ್ರಿ ನಿಜಾಮುಲ್ ಮುಲ್ಕನ ಹೆಸರಿನಲ್ಲಿ ಬರೆದ ಮತ್ತೊಂದರಲ್ಲಿ ಅರ್ಥವನ್ನು ದೇವರಿಗೆ ಬಿಡುವುದೇ ಪೂರ್ವಿಕರ ಮಾರ್ಗವೆಂದು ಹಿಂದಿರುಗಿದರು. ಹಂಬಲಿಗಳಲ್ಲಿಯೂ ಒಮ್ಮತವಿರಲಿಲ್ಲ: ಬಾಗ್ದಾದಿನ ಇಬ್ನುಲ್ ಜೌಜಿಯವರು (ಮರಣ 1201) ತಮ್ಮ ಪಂಥದ ಹಿರಿಯರೇ ದೇವರಿಗೆ ಅಂಗಗಳನ್ನು ಎಣಿಸಿ ಇಮಾಮ್ ಅಹ್ಮದರ ಹೆಸರಿಗೆ ಕಳಂಕ ತಂದರೆಂದು ಕಟುವಾಗಿ ಬರೆದರು. ಪಂಥದ ಹೆಸರನ್ನು ಕೇಳಿದ ಮಾತ್ರಕ್ಕೆ ವ್ಯಕ್ತಿಯ ಮತವನ್ನು ಊಹಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನಗಳು ಬೇಕಿಲ್ಲ.

ಜುವೈನಿಯವರ ಶಿಷ್ಯರಾದ ಇಮಾಮ್ ಗಜಾಲಿಯವರು (1058–1111) ಈ ಚರ್ಚೆಯನ್ನು ಬೇರೊಂದು ನೆಲೆಗೆ ಒಯ್ದರು. ತಮ್ಮ ಒಂದು ಕಿರುಗ್ರಂಥದಲ್ಲಿ ಅವರು ವಸ್ತುವೊಂದು ‘ಇದೆ’ ಎನ್ನುವುದಕ್ಕೆ ಐದು ಪ್ರಕಾರಗಳುಂಟೆಂದು ತೋರಿಸಿದರು: ಹೊರಗೆ ನಿಜವಾಗಿಯೇ ಇರುವುದು, ಇಂದ್ರಿಯಕ್ಕೆ ಮಾತ್ರ ತೋರುವುದು, ಕಲ್ಪನೆಯಲ್ಲಿರುವುದು, ಬುದ್ಧಿಯಲ್ಲಿರುವುದು, ಮತ್ತು ಯಾವುದೋ ಒಂದು ಗುಣಸಾಮ್ಯದಿಂದ ಹೇಳುವುದು. ಪ್ರವಾದಿಯ ಮಾತನ್ನು ಇವುಗಳಲ್ಲಿ ಯಾವುದೊಂದು ನೆಲೆಯಲ್ಲಿ ಒಪ್ಪಿದವನೂ ಅದನ್ನು ಸುಳ್ಳೆಂದವನಲ್ಲ, ಆದಕಾರಣ ಅವನನ್ನು ಧರ್ಮಬಾಹ್ಯನೆನ್ನಲಾಗದು. ಮೇಲಿನ ನೆಲೆಯು ಅಸಂಭವವೆಂದು ಪ್ರಮಾಣದಿಂದ ಸಿದ್ಧವಾದ ಹೊರತು ಕೆಳಗಿನದಕ್ಕೆ ಇಳಿಯಕೂಡದು. ದೇವರ ‘ಕೈ’ಯು ಬುದ್ಧಿಯಲ್ಲಿರುವ ಕೈ, ಎಂದರೆ ಕೊಡುವ ಮತ್ತು ತಡೆಯುವ ಸಾಮರ್ಥ್ಯ. ಅರ್ಥಾಂತರಕ್ಕೆ ಅತ್ಯಂತ ಹಿಂಜರಿಯುತ್ತಿದ್ದ ಇಬ್ನ್ ಹಂಬಲರೂ ಮೂರು ಹದೀಸುಗಳಲ್ಲಿ ಅದನ್ನು ಮಾಡಲೇಬೇಕಾಯಿತೆಂದು ಬಾಗ್ದಾದಿನ ಹಂಬಲಿಗಳಿಂದಲೇ ತಾವು ಕೇಳಿದುದಾಗಿ ಗಜಾಲಿಯವರು ಅಲ್ಲಿ ಹೇಳಿದ್ದಾರೆ. ಆ ವರದಿಯನ್ನು ಮುಂದಿನ ಹಂಬಲೀ ಪಂಡಿತರು ಅಲ್ಲಗಳೆದರು.

ಮರಣಕ್ಕೆ ಕೆಲವೇ ದಿನಗಳ ಮುಂಚೆ ಗಜಾಲಿಯವರು ಮುಗಿಸಿದ ಕೊನೆಯ ಗ್ರಂಥವು, ಸಾಮಾನ್ಯರನ್ನು ಈ ತರ್ಕದಿಂದ ದೂರವಿಡುವುದನ್ನೇ ಕುರಿತದ್ದು. ಅದರಲ್ಲಿ ಸಾಮಾನ್ಯನಿಗೆ ಏಳು ಕರ್ತವ್ಯಗಳು ವಿಹಿತವಾಗಿವೆ. ದೇಹಭಾವವನ್ನು ದೇವರಿಂದ ನಿವಾರಿಸುವುದು, ಮಾತು ಸತ್ಯವೆಂದು ನಂಬುವುದು, ತನ್ನ ಅಶಕ್ತಿಯನ್ನು ಒಪ್ಪಿಕೊಳ್ಳುವುದು, ಮೌನವಾಗಿರುವುದು ಮೊದಲಾದವು ಅವು. ‘ಸಾಮಾನ್ಯ’ರಲ್ಲಿ ಸಾಹಿತಿ, ವೈಯಾಕರಣ, ಹದೀಸ್ ಪಂಡಿತ, ವ್ಯಾಖ್ಯಾನಕಾರ, ನ್ಯಾಯಶಾಸ್ತ್ರಜ್ಞ, ಕಡೆಗೆ ತರ್ಕನಿಪುಣನಾದ ಮೀಮಾಂಸಕನೂ ಸೇರುವರೆಂದು ಹೇಳಿ ಅವರು ಓದುಗನ ಅಹಂಕಾರಕ್ಕೆ ಆಸ್ಪದವನ್ನೇ ಉಳಿಸಲಿಲ್ಲ. ಇದಕ್ಕಿಂತ ಸೂಕ್ಷ್ಮವಾದುದು ವಚನಗಳನ್ನು ಬಂದಂತೆಯೇ ಬಿಡಬೇಕೆಂಬ ಅವರ ವಿಧಿ. ‘ಬೆರಳು’ ಎಂಬ ಅರಬ್ಬೀ ಪದವನ್ನು ಪಾರ್ಸಿಗೆ ತಿರುಗಿಸಬಾರದು, ಏಕೆಂದರೆ ಅಲ್ಲಿನ ಪದಕ್ಕೆ ಅದೇ ಲಾಕ್ಷಣಿಕ ಬಳಕೆಯಿರಬೇಕೆಂಬ ನಿಯಮವಿಲ್ಲ. ‘ನೆಲೆಗೊಂಡನು’ ಎಂಬ ಕ್ರಿಯಾಪದದಿಂದ ‘ನೆಲೆಗೊಂಡಿರುವವನು’ ಎಂಬ ನಾಮವನ್ನು ಕಟ್ಟಬಾರದು. ಕೈ ಇದೆಯೆಂದಮಾತ್ರಕ್ಕೆ ತೋಳು ಮುಂಗೈಗಳನ್ನು ಊಹಿಸಬಾರದು. ಎಲ್ಲಕ್ಕೂ ಮಿಗಿಲಾಗಿ, ಚೆದರಿದ ವಚನಗಳನ್ನು ಒಂದೆಡೆ ಕೂಡಿಸಬಾರದು. ಪ್ರವಾದಿಯು ಬೇರೆ ಬೇರೆ ಕಾಲಗಳಲ್ಲಿ, ಸಂದರ್ಭವೇ ಅರ್ಥವನ್ನು ಕಾಯುತ್ತಿದ್ದಾಗ, ಒಂದೊಂದಾಗಿ ಆಡಿದ ಮಾತುಗಳನ್ನು ತೆಗೆದು ಕೈಗೊಂದು ಅಧ್ಯಾಯ, ಪಾದಕ್ಕೊಂದು ಅಧ್ಯಾಯವೆಂದು ಗ್ರಂಥ ರಚಿಸಿದವನು, ಒಂದು ಅಕ್ಷರವನ್ನೂ ತಿದ್ದದೆ, ಅರ್ಥವನ್ನು ತಿದ್ದಿದಂತಾಯಿತೆಂದು ಅವರ ಆಕ್ಷೇಪ. ಅಕ್ಷರನಿಷ್ಠೆಯಿಂದಲೇ ಪ್ರತಿಮೆಯೊಂದು ತಯಾರಾಗಬಹುದೆಂಬ ಈ ದರ್ಶನವು ಆರು ಶತಮಾನಗಳ ಈ ವಿವಾದದಲ್ಲಿ ಅತ್ಯಂತ ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ.

ಪಶ್ಚಿಮದಲ್ಲಿ ಕಾರ್ಡೋವಾದ ಇಬ್ನ್ ರುಶ್ದರು (1126–1198) ಇದೇ ಶಿಸ್ತನ್ನು ಮತ್ತೂ ಬಿಗಿಗೊಳಿಸಿ, ಜನಸಾಮಾನ್ಯರಿಗೆ ದೇವರು ದೇಹವೆಂದೂ ಹೇಳಬಾರದು, ದೇಹವಲ್ಲವೆಂದೂ ಹೇಳಬಾರದು, ಕೇಳಿದರೆ ಜ್ಯೋತಿಯೆಂದು ಹೇಳಬೇಕೆಂದರು. ಅರ್ಥಾಂತರಗಳನ್ನು ಎಲ್ಲರೂ ಓದುವ ಪುಸ್ತಕಗಳಲ್ಲಿ ಹರಡಿದ ತಪ್ಪನ್ನು ಗಜಾಲಿಯವರ ಮೇಲೆಯೇ ಹೊರಿಸಿದರು. ಪೂರ್ವದಲ್ಲಿ ಫಖ್ರುದ್ದೀನ್ ರಾಜಿಯವರು (ಮರಣ 1210) ದೇವರ ಪಾವಿತ್ರ್ಯವನ್ನು ಕುರಿತು ಬರೆದ ತಮ್ಮ ಗ್ರಂಥದಲ್ಲಿ, ಎಲ್ಲ ವಚನಗಳನ್ನೂ ವಾಚ್ಯಾರ್ಥದಲ್ಲಿ ಹಿಡಿದರೆ ಒಂದು ಮುಖ, ಆ ಮುಖಕ್ಕೆ ಅನೇಕ ಕಣ್ಣುಗಳು, ಒಂದೇ ಪಾರ್ಶ್ವ, ಅದಕ್ಕೆ ಅನೇಕ ಕೈಗಳು, ಒಂದೇ ಕಾಲು ಇರುವ ವಿಕಾರರೂಪವು ಫಲಿಸುವುದೆಂದು ತೋರಿಸಿ, ಅರ್ಥಾಂತರವು ಎಲ್ಲ ಪಂಥಗಳಿಗೂ ಅನಿವಾರ್ಯವೆಂದು ಸಾಧಿಸಿದರು. ಇದನ್ನು ಖಂಡಿಸುವುದಕ್ಕೆ ದಮಸ್ಕಸ್ಸಿನ ಇಬ್ನ್ ತೈಮಿಯ್ಯಾರವರು (1263–1328) ಹಲವು ಸಂಪುಟಗಳ ಗ್ರಂಥವನ್ನು ಬರೆದರು. ಪೂರ್ವಿಕರು ಬಿಟ್ಟುಕೊಟ್ಟದ್ದು ರೀತಿಯ ಜ್ಞಾನವನ್ನೇ ಹೊರತು ಅರ್ಥದ ಜ್ಞಾನವನ್ನಲ್ಲ, ತಿಳಿಯದ ಮಾತನ್ನು ದೇವರು ಮನುಷ್ಯರಿಗೆ ಕಳುಹಿಸಲಾರನು, ವಾಚ್ಯಾರ್ಥವನ್ನು ಕಂಡೊಡನೆ ಮನುಷ್ಯದೇಹವನ್ನು ನೆನೆಯುವವನು ಮೊದಲು ಹೋಲಿಕೆಯ ದೋಷವನ್ನು ಮಾಡಿ ಆಮೇಲೆ ನಿರಾಕರಣದ ದೋಷವನ್ನು ಮಾಡುತ್ತಾನೆ ಎಂಬುದು ಅವರ ವಾದದ ಸಾರ. ಅವರ ಒಂದು ಕಿರುಗ್ರಂಥದ ಮೇಲೆ 1306ರಲ್ಲಿ ದಮಸ್ಕಸ್ಸಿನ ಅಧಿಪತಿಯ ಮುಂದೆ ವಿಚಾರಣೆ ನಡೆಯಿತು. ತರುವಾಯ ಕೈರೋಗೆ ಕರೆಸಿ ಅವರನ್ನು ಸುಮಾರು ಒಂದೂವರೆ ವರ್ಷ ಸೆರೆಯಲ್ಲಿಟ್ಟರು.

ನಮ್ಮ ಹೊನ್ನಾವರದ ವರ್ಣನೆಯಿಂದ ಕನ್ನಡಿಗರಿಗೆ ಪರಿಚಿತನಾದ ಯಾತ್ರಿಕ ಇಬ್ನ್ ಬತೂತನು, ದಮಸ್ಕಸ್ಸಿನ ಮಸೀದಿಯಲ್ಲಿ ಇಬ್ನ್ ತೈಮಿಯ್ಯಾ ಪ್ರವಚನಪೀಠದ ಮೆಟ್ಟಿಲೊಂದನ್ನು ಇಳಿದು, ತಾನು ಇಳಿದಂತೆಯೇ ದೇವರು ಕೆಳಗಿನ ಆಕಾಶಕ್ಕೆ ಇಳಿಯುತ್ತಾನೆಂದು ಹೇಳಿದುದನ್ನು ತಾನೇ ಕಂಡುದಾಗಿ ಬರೆದಿದ್ದಾನೆ. ಆದರೆ ಆತ ಆ ನಗರವನ್ನು ಸೇರಿದ್ದು 1326ರ ಆಗಸ್ಟಿನಲ್ಲಿ. ಅದಕ್ಕೆ ಹಿಂದಿನ ತಿಂಗಳೇ ಇಬ್ನ್ ತೈಮಿಯ್ಯಾ ಕೋಟೆಯ ಸೆರೆಯನ್ನು ಹೊಕ್ಕಿದ್ದರು, ಮರಣದವರೆಗೂ ಹೊರಬರಲಿಲ್ಲ. ಅವರ ಬರೆಹಗಳಾದರೋ ದೇವರ ಇಳಿತವು ಮನುಷ್ಯನ ಇಳಿತದಂತಲ್ಲವೆಂದು ಮತ್ತೆ ಮತ್ತೆ ಹೇಳುತ್ತವೆ. ಪ್ರತಿಪಕ್ಷದ ಅಭಿಪ್ರಾಯವು ಬಾಯಿಂದ ಬಾಯಿಗೆ ಬಂದು ಕಣ್ಣಾರೆ ಕಂಡ ಸಾಕ್ಷ್ಯವಾಗಿ ಮಾರ್ಪಡುವ ಪರಿಯನ್ನು ಈ ಪ್ರಸಂಗದಲ್ಲಿ ನೋಡಬಹುದು.

ನೀವು ಎಲ್ಲಿದ್ದರೂ ದೇವರು ನಿಮ್ಮೊಡನಿದ್ದಾನೆಂಬ ಅರ್ಥದ ಕುರ್‌ಆನ್ ವಾಕ್ಯವೊಂದನ್ನು ಈ ಎಲ್ಲ ಪಕ್ಷಗಳ ಒರೆಗಲ್ಲಾಗಿ ತೆಗೆದುಕೊಂಡರೆ ಸತ್ಯಸ್ಥಿತಿ ಹೊಳೆಯುತ್ತದೆ. ಸಿಂಹಾಸನದ ಮಾತನ್ನು ಅರ್ಥಾಂತರವಿಲ್ಲದೆ ಹಿಡಿದ ಪೂರ್ವಿಕರೇ ಇಲ್ಲಿ ‘ಒಡನಿರುವುದು ಜ್ಞಾನದಿಂದ’ ಎಂದರು. ಇಬ್ನ್ ತೈಮಿಯ್ಯಾರವರು ಅದನ್ನು ಅರ್ಥಾಂತರವೆಂದೊಪ್ಪದೆ, ಆಕಾಶದಲ್ಲಿಯೇ ಇರುವ ಚಂದ್ರನು ದಾರಿಗನ ಜೊತೆಗೂ ಇರುವನೆನ್ನುವ ರೂಢಿಯನ್ನು ನೆನೆಸಿದರು. ಅವರ ಎದುರಾಳಿಗಳಿಗೆ ಅದೇ ಅರ್ಥಾಂತರವಾಗಿ ಕಂಡಿತು. ವಚನದ ಪಕ್ಷವು ಹೀಗೆ ಒಂದು ಎಡೆಯಲ್ಲಿ ಯುಕ್ತಿಯನ್ನು ಬಳಸಿತು. ಯುಕ್ತಿಯ ಪಕ್ಷವು ಜುವೈನಿಯವರಲ್ಲಿಯೂ ಗಜಾಲಿಯವರಲ್ಲಿಯೂ ಮೌನವನ್ನು ಹೊಗಳಿತು. ಹದಿನೇಳನೆಯ ಶತಮಾನಕ್ಕೆ ಬರುವಾಗ ಈಜಿಪ್ಟಿನ ಇಬ್ರಾಹೀಮ್ ಲಕಾನಿಯವರು (ಮರಣ 1631) ವಿದ್ಯಾರ್ಥಿಗಳ ಕಂಠಪಾಠಕ್ಕಾಗಿ ರಚಿಸಿದ ಪದ್ಯಗ್ರಂಥದಲ್ಲಿ, ಹೋಲಿಕೆಯನ್ನು ಸೂಚಿಸುವ ವಚನಕ್ಕೆ ಅರ್ಥಾಂತರವನ್ನಾದರೂ ಮಾಡು, ಇಲ್ಲವೆ ಅರ್ಥವನ್ನು ದೇವರಿಗಾದರೂ ಬಿಡು, ದೇವರ ನಿರುಪಮತ್ವವನ್ನು ಮಾತ್ರ ಮರೆಯಬೇಡ ಎಂಬ ಅಭಿಪ್ರಾಯವು ಸುಲಭವಾದ ವಿಧಿಯಾಗಿ ನೆಲೆಗೊಂಡಿತು. ಕೈರೋದ ಅಲ್ ಅಜ್‌ಹರ್ ಮೊದಲಾದೆಡೆಗಳಲ್ಲಿ ಶಿಷ್ಯರು ಅದನ್ನು ಬಾಯಿಪಾಠ ಮಾಡಿದರು. ಇಬ್ನ್ ತೈಮಿಯ್ಯಾರವರ ದಾರಿಯವರು ಈ ಸಂಧಾನವನ್ನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಆದ್ದರಿಂದ ವಿವಾದ ಮುಗಿಯಿತೆನ್ನುವಂತಿಲ್ಲ. ಆದರೂ, ಅರ್ಥವನ್ನು ಬಿಡಿಸಬಲ್ಲ ಪಂಡಿತನು ಬಿಡಿಸುವುದಕ್ಕೆ ಮುಂಚೆ ತನ್ನ ಪ್ರಮಾಣವನ್ನೂ ಕೇಳುವವನ ಯೋಗ್ಯತೆಯನ್ನೂ ತೂಗಿನೋಡಬೇಕೆಂಬ ವಿನಯವನ್ನು ಆ ಶತಮಾನಗಳು ಶಾಸ್ತ್ರದ ಅಂಗವಾಗಿ ಮಾಡಿದುವು. ಕಲ್ಲು ತೂರಿದ ಕೈಗಳೂ ಸೆರೆಮನೆಯ ಕೋಟೆಗಳೂ ಅದೇ ಚರಿತ್ರೆಗೆ ಸೇರಿದವಾದ್ದರಿಂದ ಆ ವಿನಯಕ್ಕೆ ತೆತ್ತ ಬೆಲೆ ಅಲ್ಪವೆಂದು ಯಾರೂ ಹೇಳಲಾರರು.